ಮಳೆಗಾಲದ ಭಾನುವಾರಗಳಿಗೆ ಹಳೆಯ ಚಿತ್ರಗಳು: ದಿನದ ಸುದ್ದಿಯ ಜೊತೆ ಹೇಗೆ ಹೊಂದಿಸಿಕೊಳ್ಳುವುದು?

ಪ್ರಶ್ನೆ: ಸುಂಟಿಕೊಪ್ಪದ ನಿವೃತ್ತ ಶಿಕ್ಷಕಿ

ಎಲ್ಲ ಹಿರಿಯರಿಗೂ ನಮಸ್ಕಾರ. ನಾವು ಸುಂಟಿಕೊಪ್ಪದಲ್ಲಿಯೂ ಸುತ್ತಲಿನ ತೋಟಗಳಲ್ಲಿಯೂ ನೆಲೆಸಿರುವ ಏಳು ಮಂದಿ ಸ್ನೇಹಿತರು. ನಮ್ಮಲ್ಲಿ ಎಲ್ಲರಿಗಿಂತ ಕಿರಿಯರಿಗೆ 64 ವರ್ಷ, ಹಿರಿಯರಿಗೆ 81. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಸೇರಿ, ಕಾಫಿ ಕುಡಿದು, ಮನೆಯ ಸುದ್ದಿ ಊರ ಸುದ್ದಿ ಮಾತಾಡಿ, ಕತ್ತಲಾಗುವ ಮೊದಲೇ ಅವರವರ ಮನೆ ಸೇರುವುದು ನಮ್ಮ ರೂಢಿ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಈ ರೂಢಿ ತಪ್ಪುತ್ತದೆ. ತೋಟದ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿರುತ್ತದೆ, ಇಲ್ಲವಾದರೆ ಆನೆ ಇಳಿದಿದೆ ಎಂದು ಯಾರಾದರೂ ಎಚ್ಚರಿಸುತ್ತಾರೆ. ಮಂಡಿನೋವಿರುವವರಿಗೆ ಪಾಚಿ ಕಟ್ಟಿದ ಅಂಗಳ ದಾಟುವುದೇ ಭಯ. ಹೀಗಾಗಿ ಮೂರು ವರ್ಷಗಳ ಹಿಂದೆ ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿಕೊಂಡೆವು.

ಬೆಳಿಗ್ಗೆ ಏಳು ಗಂಟೆಗೆ ಮೊದಲ ಸಂದೇಶ ಮಳೆಯದ್ದು. ಯಾರ ತೋಟದಲ್ಲಿ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಭಾಗ) ಮಳೆಯಾಯಿತು ಎಂಬ ಲೆಕ್ಕ ಬರುತ್ತದೆ. ಆ ಬಳಿಕ ಹಾರಂಗಿ ಅಣೆಕಟ್ಟಿನಲ್ಲಿ ನೀರು ಎಷ್ಟು ಅಡಿಗೆ ಬಂದಿದೆ, ಕಾಫಿ ಚೀಲಕ್ಕೆ ಎಷ್ಟು ದರ, ಯಾರ ಸೊಸೆಗೆ ಹೆರಿಗೆಯಾಯಿತು, ಯಾರ ಕಣ್ಣಿನ ಶಸ್ತ್ರಚಿಕಿತ್ಸೆ ಯಾವ ದಿನ, ಹೀಗೆ ಒಂದೊಂದೇ ಸುದ್ದಿ. ನಮ್ಮ ನಡುವಿನ ಇಬ್ಬರು ಹಳೆಯ ಕನ್ನಡ ಚಿತ್ರಗಳನ್ನು ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸುವವರು. ಅವರು ದಿನವೂ ಹಾಡುಗಳನ್ನೂ ಚಿತ್ರದ ತುಣುಕುಗಳನ್ನೂ ಹಾಕುತ್ತಾರೆ. ಅವು ನಮಗೆಲ್ಲ ಇಷ್ಟವೇ.

ಕಳೆದ ತಿಂಗಳು ಆದದ್ದು ಮನಸ್ಸಿಗೆ ನೋವು ತಂದಿದೆ. ನಮ್ಮ ಸ್ನೇಹಿತೆಯೊಬ್ಬರು ತಮ್ಮ ಯಜಮಾನರನ್ನು ರಾತ್ರಿ ಆಸ್ಪತ್ರೆಗೆ ಸೇರಿಸಿದ ಸುದ್ದಿಯನ್ನು ಬರೆದರು. ಅದರ ಕೆಳಗೆ, ಆ ಸಂದೇಶವನ್ನು ಯಾರೂ ಓದುವ ಮೊದಲೇ, ಒಂದರ ಹಿಂದೆ ಒಂದು ಒಂಬತ್ತು ಹಾಡುಗಳು ಬಂದುಬಿಟ್ಟವು. ಹಾಕಿದವರಿಗೆ ವಿಷಯವೇ ತಿಳಿದಿರಲಿಲ್ಲ. ಆದರೆ ಆಕೆ ಮಧ್ಯಾಹ್ನದವರೆಗೂ ಒಬ್ಬರ ಮಾತಿಗಾಗಿ ಕಾದು, ಕೊನೆಗೆ ಗುಂಪಿನಿಂದ ಹೊರನಡೆದರು. ಯಜಮಾನರು ಈಗ ಗುಣಮುಖರಾಗಿ ಮನೆಗೆ ಬಂದಿದ್ದಾರೆ. ಆಕೆ ಮಾತ್ರ ಗುಂಪಿಗೆ ಮರಳಿಲ್ಲ. ಚಿತ್ರಗಳಿಗೊಂದು, ಸುದ್ದಿಗೊಂದು ಬೇರೆ ಗುಂಪು ಮಾಡೋಣ ಎಂದು ಕೆಲವರು ಹೇಳುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ, ಆದರೆ ಬೇರೆ ದಾರಿಯೂ ತೋಚುತ್ತಿಲ್ಲ.

ಇನ್ನೊಂದು ವಿಚಾರವೂ ಇದೆ. ಬಿಡಿ ಹಾಡುಗಳ ಬದಲು ಭಾನುವಾರಕ್ಕೊಂದು ಪೂರ್ಣ ಚಿತ್ರವನ್ನು ಎಲ್ಲರೂ ಅವರವರ ಮನೆಯಲ್ಲಿಯೇ ಒಂದೇ ಹೊತ್ತಿಗೆ ನೋಡಿ, ಆಮೇಲೆ ಮಾತಾಡಿದರೆ ಹೇಗೆ ಎಂದು ಯೋಚಿಸಿದ್ದೇವೆ. ಸಾಧ್ಯವಿದ್ದರೆ ನಮ್ಮ ಕೊಡಗಿಗೆ ಸಂಬಂಧವಿರುವ ಚಿತ್ರಗಳಿಂದ ಆರಂಭಿಸಬೇಕೆಂಬ ಆಸೆ. ಯಾವುದರಿಂದ ಮೊದಲು ಮಾಡಬಹುದು? ಇಬ್ಬರಿಗೆ ಕಿವಿ ಮಂದವಾಗಿದೆ. ವಾರವಾರವೂ ಅಳಿಸುವ ಚಿತ್ರ ಬೇಡ ಎಂದು ಒಬ್ಬರು ಮೊದಲೇ ಹೇಳಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ: ಮಡಿಕೇರಿಯ ನಿವೃತ್ತ ಗ್ರಂಥಪಾಲಕ

ಟೀಚರ್, ಎರಡು ಗುಂಪು ಮಾಡಬೇಡಿ. ಹಾಗೆ ಮಾಡಿದರೆ ಚಿತ್ರದ ಗುಂಪಿನಲ್ಲಿ ಆರೋಗ್ಯವಂತರು ಉಳಿಯುತ್ತಾರೆ, ಸುದ್ದಿಯ ಗುಂಪಿನಲ್ಲಿ ಕಾಯಿಲೆಯವರು ಉಳಿಯುತ್ತಾರೆ. ಆರು ತಿಂಗಳಲ್ಲಿ ಎರಡನೆಯದನ್ನು ತೆರೆದು ನೋಡುವವರೇ ಇರುವುದಿಲ್ಲ.

ನಾವು ಹುಡುಗರಾಗಿದ್ದಾಗ ಸುದ್ದಿಯೂ ಸಿನಿಮಾವೂ ಒಂದೇ ಪರದೆಯ ಮೇಲೆ ಬರುತ್ತಿದ್ದುದನ್ನು ನೆನಪಿಸಿಕೊಳ್ಳಿ. 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ ತಯಾರಿಸುತ್ತಿದ್ದ ವಾರ್ತಾಚಿತ್ರವನ್ನು ಮುಖ್ಯ ಚಿತ್ರಕ್ಕೆ ಮೊದಲು ತೋರಿಸಲೇಬೇಕೆಂಬ ನಿಯಮ ಆಗ ಎಲ್ಲ ಚಿತ್ರಮಂದಿರಗಳಿಗೂ ಇತ್ತು. ಎಲ್ಲಿಯೋ ಅಣೆಕಟ್ಟಿನ ಉದ್ಘಾಟನೆ, ಎಲ್ಲಿಯೋ ಪ್ರವಾಹ, ಕೊನೆಯಲ್ಲಿ ಒಂದಿಷ್ಟು ಕ್ರಿಕೆಟ್. ನಮ್ಮಂಥ ಸಣ್ಣ ಊರಿಗೆ ಆ ರೀಲು ಬರುವ ಹೊತ್ತಿಗೆ ಸುದ್ದಿ ಹಳತಾಗಿ ಎಷ್ಟೋ ತಿಂಗಳಾಗಿರುತ್ತಿತ್ತು. ಆದರೂ ಟೆಂಟಿನಲ್ಲಿ ನೆಲದ ಟಿಕೆಟಿನವರೂ ಬೆಂಚಿನವರೂ ಕುರ್ಚಿಯವರೂ ಸದ್ದಿಲ್ಲದೆ ನೋಡುತ್ತಿದ್ದೆವು, ಏಕೆಂದರೆ ಅದು ಮುಗಿಯದೆ ರಾಜಕುಮಾರ್ ಬರುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ನಾನು ನನ್ನ ಸ್ನೇಹಿತರ ಗುಂಪಿನಲ್ಲಿ ಇದೇ ಕ್ರಮವನ್ನು ತಂದಿದ್ದೇನೆ. ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಎಲ್ಲರೂ ಫೋನಿನಲ್ಲಿ ಒಟ್ಟಾಗಿ ಸೇರುತ್ತೇವೆ. ಮೊದಲ ಅರ್ಧ ಗಂಟೆ ವಾರ್ತೆ. ಪ್ರತಿಯೊಬ್ಬರೂ ತಮ್ಮ ಮನೆಯ ಸುದ್ದಿಯನ್ನು ಬಾಯಿಬಿಟ್ಟು ಹೇಳಬೇಕು, ಉಳಿದವರು ಕೇಳಬೇಕು. ಅದು ಮುಗಿದ ನಂತರವೇ ಚಿತ್ರ. ವಾರದ ಉಳಿದ ದಿನಗಳಲ್ಲಿ ಹಾಡು ಹಾಕುವುದಿದ್ದರೆ ಸಂಜೆ ಆರರ ಮೇಲೆ, ದಿನಕ್ಕೆ ಒಂದು ಮಾತ್ರ. ಒಂಬತ್ತು ಹಾಡು ಹಾಕಿದರೆ ಒಂದನ್ನೂ ಯಾರೂ ಕೇಳುವುದಿಲ್ಲ ಎಂಬುದನ್ನು ನಿಮ್ಮ ಚಿತ್ರಪ್ರೇಮಿಗಳಿಗೆ ಪ್ರೀತಿಯಿಂದ ತಿಳಿಸಿ.

ಇನ್ನು ಚಿತ್ರಗಳ ವಿಚಾರ. ಕೊಡಗಿನವರು ಹಳೆಯ ಕನ್ನಡ ಚಿತ್ರಗಳ ಬಗ್ಗೆ ಮಾತಾಡುವಾಗ ಭಾರತೀಸುತರಿಂದಲೇ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಎಸ್.ಆರ್. ನಾರಾಯಣರಾಯರು ಈ ಹೆಸರಿನಲ್ಲಿ ಬರೆದವರು, ಕೊಡಗಿನವರು, ಇಲ್ಲಿಯೇ ಶಾಲಾ ಶಿಕ್ಷಕರಾಗಿದ್ದವರು. ಅವರ ಕಾದಂಬರಿಗಳಿಂದ ಬಂದ ಚಿತ್ರಗಳನ್ನು ಎಣಿಸಿ ನೋಡಿ: ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ, ದೊರೆ–ಭಗವಾನ್ ನಿರ್ದೇಶನದ ‘ಬಯಲು ದಾರಿ’ 1976ರಲ್ಲಿ, ಅವರದೇ ‘ಗಿರಿಕನ್ಯೆ’ 1977ರಲ್ಲಿ, ‘ಹುಲಿಯ ಹಾಲಿನ ಮೇವು’ 1979ರಲ್ಲಿ. ಏಳೇ ವರ್ಷಗಳ ಒಳಗೆ ನಾಲ್ಕು ಚಿತ್ರಗಳು. ನಾಲ್ಕನ್ನೂ ಜನ ಇಂದಿಗೂ ನೆನೆಯುತ್ತಾರೆ, ಆದರೆ ಹಾಡು ಗುನುಗುವವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಕತೆ ಬರೆದವರು ನಮ್ಮ ಜಿಲ್ಲೆಯ ಮೇಷ್ಟ್ರು ಎಂಬುದು ಗೊತ್ತಿಲ್ಲ. ಗ್ರಂಥಾಲಯದಲ್ಲಿ ಕೂತಿದ್ದ ಅಷ್ಟು ವರ್ಷವೂ ನನಗೆ ಇದು ಬೇಸರದ ವಿಷಯವಾಗಿತ್ತು. ಗಿರಿಕನ್ಯೆಯ ಹಾಡು ಬೇಕೆಂದು ಕೇಳಿದವರಿಗೆಲ್ಲ ಕಪಾಟಿನಿಂದ ‘ಗಿರಿಕನ್ನಿಕೆ’ ಕಾದಂಬರಿಯನ್ನು ತೆಗೆದು ಕೈಗಿಡುತ್ತಿದ್ದೆ.

ನೀವು ‘ಹುಲಿಯ ಹಾಲಿನ ಮೇವು’ ಚಿತ್ರದಿಂದ ಆರಂಭಿಸಿ. ರಾಜಕುಮಾರ್ ಅವರನ್ನು ಕುಪ್ಯ ತೊಟ್ಟು, ಚೇಲೆ ಬಿಗಿದು, ಪೀಚೆಕತ್ತಿ ಸಿಕ್ಕಿಸಿಕೊಂಡ ಕೊಡವ ವೇಷದಲ್ಲಿ ಕಂಡಾಗ ನಮ್ಮ ಮನೆಯ ಹಿರಿಯರು ಎದ್ದು ನಿಂತಷ್ಟು ಸಂತೋಷಪಟ್ಟಿದ್ದರು. ಜಿ.ಕೆ. ವೆಂಕಟೇಶರ ಸಂಗೀತದ ‘ಬೆಳದಿಂಗಳಾಗಿ ಬಾ’ ಹಾಡು ಬರುವುದೂ ಇದರಲ್ಲಿಯೇ. ಎರಡನೆಯ ವಾರ ‘ಗಿರಿಕನ್ಯೆ’ ನೋಡಬಹುದು. ‘ಎಡಕಲ್ಲು ಗುಡ್ಡದ ಮೇಲೆ’ ಈ ನಾಲ್ಕರಲ್ಲಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಚಿತ್ರ. ಶಿಲೆಯ ಮೇಲೆ ಪ್ರಾಚೀನ ಕೆತ್ತನೆಗಳಿರುವ ಎಡಕಲ್ಲು ನಮ್ಮ ಪಕ್ಕದ ವಯನಾಡಿನಲ್ಲಿದೆ, ಕುಟ್ಟದ ಕಡೆಯವರಿಗೆ ಮೈಸೂರಿಗಿಂತ ಹತ್ತಿರ. ಸೇನೆಯಿಂದ ಗಾಯಗೊಂಡು ಬಂದ ಗಂಡನ ಜೊತೆ ಬಾಳುವ ಮಾಧವಿಯ ಒಂಟಿತನವನ್ನು ಜಯಂತಿಯವರು ಕಣ್ಣಿನಲ್ಲಿಯೇ ತೋರಿಸಿದ್ದಾರೆ. ಎಂ. ರಂಗರಾಯರ ಸಂಗೀತದಲ್ಲಿ ಎಸ್. ಜಾನಕಿಯವರು ಹಾಡಿದ ‘ವಿರಹಾ’ ಹಾಡನ್ನು ಕೇಳುವಾಗ ಈಗಲೂ ನಾನು ಕೈಯಲ್ಲಿನ ಕೆಲಸ ಬಿಟ್ಟು ಕೂರುತ್ತೇನೆ. ಆದರೆ ಹೆಣ್ಣಿನ ಬಯಕೆಯನ್ನು ಮುಚ್ಚುಮರೆಯಿಲ್ಲದೆ ಹೇಳುವ ಕತೆ ಅದು. ಗುಂಪಿನಲ್ಲಿ ಮಾತು ಚೆನ್ನಾಗಿ ಕೂಡಿಬಂದ ಮೇಲೆ, ನಾಲ್ಕಾರು ವಾರ ಕಳೆದು ಅದನ್ನು ನೋಡಿದರೆ ಚರ್ಚೆ ಚೆನ್ನಾಗಿ ನಡೆಯುತ್ತದೆ. ನಮ್ಮಲ್ಲಿ ಆ ಒಂದು ಚಿತ್ರದ ಮಾತು ಮೂರು ಭಾನುವಾರ ನಡೆಯಿತು.

ಉತ್ತರ: ಪೊನ್ನಂಪೇಟೆಯ ಮಾಜಿ ಸೈನಿಕ

ಗ್ರಂಥಪಾಲಕರು ಹೇಳಿದ ವಾರ್ತೆಯ ಕ್ರಮವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಚಿತ್ರದ ಆಯ್ಕೆಯಲ್ಲಿ ಮಾತ್ರ ನನ್ನದು ಬೇರೆ ಮಾತು. ‘ಹುಲಿಯ ಹಾಲಿನ ಮೇವು’ ನೋಡಲು ಬಹಳ ಸೊಗಸಾದ ಚಿತ್ರ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ರಾಜರ ಕಾಲದ ಕತೆ. ನಾನು ಮತ್ತು ನನ್ನ ಅಣ್ಣಂದಿರು ಬಾಳಿದ ಬಾಳನ್ನು ತೆರೆಯ ಮೇಲೆ ತಂದದ್ದು 1990ರ ‘ಮುತ್ತಿನ ಹಾರ’. ರಾಜೇಂದ್ರಸಿಂಗ್ ಬಾಬು ಅವರ ಆ ಚಿತ್ರದಲ್ಲಿ ವಿಷ್ಣುವರ್ಧನ್ ಅವರದು ಕೊಡವ ಸೈನಿಕ ಅಚ್ಚಪ್ಪನ ಪಾತ್ರ, ಸುಹಾಸಿನಿಯವರದು ಸೇನೆಯ ದಾದಿಯ ಪಾತ್ರ. ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ರಜೆಯಲ್ಲಿ ಬಂದಿದ್ದಾಗ ಮನೆಯವರೆಲ್ಲರೊಂದಿಗೆ ಅದನ್ನು ನೋಡಿದೆ. ಗುಂಡಿನ ಕಾಳಗಕ್ಕಿಂತ ಹೆಚ್ಚಾಗಿ, ದೂರದ ಯುದ್ಧದ ಸುದ್ದಿಗಾಗಿ ಮನೆಯಲ್ಲಿ ಕಾಯುವವರ ಮುಖಗಳು ನನ್ನನ್ನು ತಟ್ಟಿದವು. ಚಿತ್ರ ಮುಗಿದು ಹೊರಗೆ ಬಂದಾಗ ನನ್ನ ತಾಯಿ ನನ್ನ ಕೈಯನ್ನು ಬಿಡಲೇ ಇಲ್ಲ. ಬಾಲಮುರಳೀಕೃಷ್ಣ ಅವರು ಹಾಡಿದ ‘ದೇವರು ಹೊಸೆದ ಪ್ರೇಮದ ದಾರ’ ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ನನಗೆ ಆ ಸಂಜೆಯೇ ನೆನಪಾಗುತ್ತದೆ.

ನಮ್ಮ ಭಾಷೆಯಲ್ಲಿಯೇ ನೋಡಬೇಕೆಂಬ ಆಸೆಯಿರುವವರಿಗೆ ಒಂದು ಮಾತು. ಮೊದಲ ಕೊಡವ ಚಿತ್ರ ‘ನಾಡ ಮಣ್ಣ್ ನಾಡ ಕೂಳ್’ ಬಂದದ್ದು 1972ರಲ್ಲಿ. ಅದೇ ವರ್ಷ ಕನ್ನಡದಲ್ಲಿ ‘ನಾಗರಹಾವು’ ಮತ್ತು ‘ಬಂಗಾರದ ಮನುಷ್ಯ’ ಬಂದಿದ್ದವು ಎಂಬುದನ್ನು ಸೇರಿಸಿ ಹೇಳಿದರೆ ಆ ವರ್ಷದ ಸಂಭ್ರಮ ಎಂಥದ್ದೆಂದು ನಿಮ್ಮ ಗುಂಪಿನವರಿಗೆ ತಿಳಿದೀತು.

ಆ ಸ್ನೇಹಿತೆಯ ನೋವಿನ ಬಗ್ಗೆಯೂ ಹೇಳಬೇಕು. ಫೋನು ಇಲ್ಲದ ಕಾಲದಲ್ಲಿ ನಮ್ಮ ಕೇರಿಯಲ್ಲಿ ಸಾವಿನ ಸುದ್ದಿ ಎರಡು ಗುಂಡಿನ ಸದ್ದಿನಲ್ಲಿ ತಿಳಿಯುತ್ತಿತ್ತು, ಗಂಡು ಮಗು ಹುಟ್ಟಿದರೆ ಒಂದು ಗುಂಡು. ಗದ್ದೆಯಲ್ಲಿದ್ದವರು ಎರಡನೆಯ ಸದ್ದಿಗಾಗಿ ಕಿವಿಗೊಟ್ಟು ನಿಲ್ಲುತ್ತಿದ್ದರು. ಎರಡನೆಯದು ಕೇಳಿಸಿತೆಂದರೆ ಕೈಯಲ್ಲಿದ್ದ ನಾಟಿಯ ಕಟ್ಟನ್ನು ಅಲ್ಲಿಯೇ ಇಟ್ಟು, ಕಾಲು ತೊಳೆದುಕೊಂಡು, ಸದ್ದು ಬಂದ ದಿಕ್ಕಿಗೆ ಹೊರಡುತ್ತಿದ್ದರು. ಈಗ ನಮಗೆ ಬರುವ ಪ್ರತಿ ಸುದ್ದಿಯೂ ಫೋನಿನ ಒಂದೇ ಬಗೆಯ ಸಣ್ಣ ಸದ್ದಿನಲ್ಲಿ ಬರುತ್ತದೆ. ಹಾಡಿಗೂ ಅದೇ, ಆಸ್ಪತ್ರೆಗೂ ಅದೇ. ಆದ್ದರಿಂದ ನಾವು ಒಂದು ಕಟ್ಟು ಮಾಡಿಕೊಂಡಿದ್ದೇವೆ: ಆಸ್ಪತ್ರೆಯ ಅಥವಾ ಸಾವಿನ ಸುದ್ದಿಯನ್ನು ಯಾರೂ ಬರೆದು ತಿಳಿಸಬಾರದು, ಒಬ್ಬರಿಗೆ ಕರೆ ಮಾಡಿ ಹೇಳಬೇಕು, ಅವರು ಉಳಿದವರಿಗೆಲ್ಲ ಕರೆ ಮಾಡಬೇಕು. ನಮ್ಮಲ್ಲಿ ಆ ಕೆಲಸ ನನ್ನದು. ಯಾವ ಹೊತ್ತಿಗಾದರೂ ಸರಿ, ನಾನು ಫೋನು ಎತ್ತುತ್ತೇನೆ.

ಉತ್ತರ: ವಿರಾಜಪೇಟೆಯ ನಿವೃತ್ತ ದಾದಿ

ಅಳಿಸುವ ಚಿತ್ರ ಬೇಡ ಎಂದವರ ಮಾತಿಗೆ ನಾನು ಗೌರವ ಕೊಡುತ್ತೇನೆ. ಆದರೂ 1971ರ ‘ಶರಪಂಜರ’ವನ್ನು ಕೈಬಿಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕೊಡಗಿನ ಕಾವೇರಿಯನ್ನು ಹೊಗಳುವ ಆ ಚಿತ್ರದ ಹಾಡನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರಿಲ್ಲ. ಮದುವೆ ಮನೆಗಳಲ್ಲಿ ಇಂದಿಗೂ ಹಾಡುತ್ತಾರೆ. ಆ ಹಾಡಿನ ಆಚೆ ಇರುವ ಕತೆಯನ್ನು ಮಾತ್ರ ಬಹಳ ಮಂದಿ ಮರೆತಿದ್ದಾರೆ. ಕಲ್ಪನಾ ಅವರು ಅಭಿನಯಿಸಿದ ಕಾವೇರಿ ಎಂಬ ಹೆಣ್ಣುಮಗಳಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ, ಚಿಕಿತ್ಸೆಯಿಂದ ಅವಳು ಗುಣಮುಖಳಾಗಿ ಮನೆಗೆ ಬರುತ್ತಾಳೆ, ಆದರೆ ಮನೆಯವರೂ ನೆರೆಯವರೂ ಅವಳನ್ನು ಮೊದಲಿನಂತೆ ನೋಡುವುದೇ ಇಲ್ಲ.

ಇದನ್ನು ನಾನು ಚಿತ್ರವೆಂದು ನೋಡಲಾರೆ. ನನ್ನ ಅಕ್ಕನಿಗೆ ಎರಡನೆಯ ಹೆರಿಗೆಯಾದ ಹದಿನೈದು ದಿನಗಳಿಗೆ ಹೀಗೆಯೇ ಆಯಿತು. ಬಾಣಂತಿ ಸನ್ನಿ ಎಂದರು. ಕೋಣೆಯಲ್ಲಿ ಕೂಡಿಹಾಕಿದರು, ಮಂತ್ರವಾದಿಯನ್ನು ಕರೆಸಿದರು, ಮಗುವನ್ನು ಅವಳಿಂದ ದೂರವಿಟ್ಟರು. ಆಗ ನಾನು ದಾದಿ ತರಬೇತಿಯ ಮೊದಲ ವರ್ಷದಲ್ಲಿದ್ದೆ, ಮನೆಯಲ್ಲಿ ನನ್ನ ಮಾತು ನಡೆಯುತ್ತಿರಲಿಲ್ಲ. ನಮ್ಮ ತಾಯಿ ಯಾರದೋ ಒತ್ತಾಯಕ್ಕೆ ‘ಶರಪಂಜರ’ ನೋಡಿ ಬಂದವರು ಆ ರಾತ್ರಿ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅಕ್ಕನನ್ನು ಮೈಸೂರಿಗೆ ಕರೆದುಕೊಂಡು ಹೊರಟರು. ನಾಲ್ಕು ತಿಂಗಳಲ್ಲಿ ಅಕ್ಕ ಗುಣಮುಖಳಾದಳು. ಗಂಡನ ಮನೆಯವರಿಗೆ ನಮ್ಮ ತಾಯಿ ಹೇಳಿದ್ದು ಒಂದೇ ಮಾತು: ಇವಳನ್ನು ಹುಚ್ಚಿ ಎಂದು ಯಾರಾದರೂ ಕರೆದರೆ ನನ್ನ ಮಗಳನ್ನೂ ಮೊಮ್ಮಕ್ಕಳನ್ನೂ ಆ ಕ್ಷಣವೇ ಕರೆದುಕೊಂಡು ಹೋಗುತ್ತೇನೆ. ಅಕ್ಕನಿಗೆ ಈಗ 76 ವರ್ಷ, ಪ್ರತಿದಿನ ಬೆಳಿಗ್ಗೆ ನನಗೆ ಮೊದಲು ಸಂದೇಶ ಕಳುಹಿಸುವವಳು ಅವಳೇ.

ಆ ಕತೆಯನ್ನು ಬರೆದ ತ್ರಿವೇಣಿಯವರು ಮನಶ್ಶಾಸ್ತ್ರವನ್ನು ಓದಿದ್ದವರು. 35 ತುಂಬುವ ಮೊದಲೇ, 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಪುಟ್ಟಣ್ಣನವರು ಅವರ ‘ಬೆಳ್ಳಿಮೋಡ’ವನ್ನು ಚಿತ್ರ ಮಾಡಿದ್ದು 1967ರಲ್ಲಿ, ‘ಶರಪಂಜರ’ವನ್ನು ಇನ್ನೂ ನಾಲ್ಕು ವರ್ಷಗಳ ಮೇಲೆ. ಎರಡನ್ನೂ ಅವರು ನೋಡಲಿಲ್ಲ ಎಂಬುದನ್ನು ನೆನೆದಾಗ ಸಂಕಟವಾಗುತ್ತದೆ. ಬೇಕಾದರೆ ಮೊದಲು ‘ಬೆಳ್ಳಿಮೋಡ’ ನೋಡಿ. ಕಾಫಿ ತೋಟದ ಮನೆಯ ಕತೆಯಾದ್ದರಿಂದ ನಿಮ್ಮ ತೋಟದವರಿಗೆ ಹತ್ತಿರವೆನಿಸುತ್ತದೆ. ಒಬ್ಬಳೇ ಮಗಳೆಂದು ಆಸ್ತಿಗಾಗಿ ಒಪ್ಪಿಕೊಂಡ ಗಂಡು, ಅವಳಿಗೊಬ್ಬ ತಮ್ಮ ಹುಟ್ಟಿದೊಡನೆ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಕೈ ಚಾಚಿ ಬಂದಾಗ ಇಂದಿರಾ ಒಲ್ಲೆನೆನ್ನುತ್ತಾಳೆ. ಆ ಒಲ್ಲೆ ಎಂಬ ಮಾತನ್ನು ಆ ಕಾಲದಲ್ಲಿ ಕೇಳಿಸಿಕೊಂಡ ಹುಡುಗಿಯರಲ್ಲಿ ನಾನೂ ಒಬ್ಬಳು.

ಗುಂಪಿನಿಂದ ಹೊರನಡೆದ ನಿಮ್ಮ ಸ್ನೇಹಿತೆಯ ವಿಚಾರ. ಅವರನ್ನು ಗುಂಪಿಗೆ ಮತ್ತೆ ಸೇರಿಸುವ ಮೊದಲು ಯಾರಾದರೂ ಮನೆಗೆ ಹೋಗಿ ಬನ್ನಿ. ಹಾಡು ಹಾಕಿದವರೇ ಹೋದರೆ ಇನ್ನೂ ಒಳ್ಳೆಯದು. ರೋಗಿಯ ಜೊತೆ ರಾತ್ರಿಯೆಲ್ಲ ಎಚ್ಚರವಿದ್ದವರಿಗೆ ಬೆಳಗಿನ ಹೊತ್ತು ಒಂದು ಮಾತು ಎಷ್ಟು ದೊಡ್ಡದೆಂಬುದನ್ನು ನಾನು 33 ವರ್ಷ ವಾರ್ಡುಗಳಲ್ಲಿ ಕಂಡಿದ್ದೇನೆ.

ಉತ್ತರ: ಕುಶಾಲನಗರದ ನಿವೃತ್ತ ವಿದ್ಯುತ್ ಕೆಲಸಗಾರ

ಸಲಕರಣೆಯ ವಿಚಾರವನ್ನು ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಕಿವಿ ಮಂದವಾದವರಿಗಾಗಿ ಟಿವಿಯ ಸದ್ದನ್ನು ಹೆಚ್ಚಿಸಬೇಡಿ. ಹಳೆಯ ಚಿತ್ರಗಳ ಧ್ವನಿಮುದ್ರಣದಲ್ಲಿ ಮಾತಿಗಿಂತ ವಾದ್ಯದ ಸದ್ದು ಮುಂದೆ ಬರುತ್ತದೆ, ಸದ್ದು ಹೆಚ್ಚಾದಷ್ಟೂ ಮಾತು ಒಡೆಯುತ್ತದೆ. ಬದಲಿಗೆ ಬ್ಲೂಟೂತ್ ಸ್ಪೀಕರ್ ಒಂದನ್ನು ಅವರ ಕುರ್ಚಿಯ ಪಕ್ಕದಲ್ಲಿಯೇ, ಕಿವಿಯ ಎತ್ತರಕ್ಕೆ ಇಡಿ. ಮಳೆಗಾಲದಲ್ಲಿ ಕರೆಂಟು ಹೋಗುವುದು ಖಂಡಿತ. ಇನ್ವರ್ಟರ್ ಇಲ್ಲದ ಮನೆಯವರು ಫೋನನ್ನು ಪೂರ್ತಿ ಚಾರ್ಜ್ ಮಾಡಿಟ್ಟುಕೊಳ್ಳಲಿ. ಮೂರು ಗಂಟೆಯ ಚಿತ್ರವನ್ನು ಒಂದೇ ಬಾರಿಗೆ ಕೂತು ನೋಡುವುದು ಬೆನ್ನುನೋವಿನವರಿಗೆ ಕಷ್ಟ. ಮಧ್ಯಂತರದವರೆಗೆ ಒಂದು ಭಾನುವಾರ, ಉಳಿದದ್ದು ಮುಂದಿನ ಭಾನುವಾರ ಎಂದಿಟ್ಟುಕೊಳ್ಳಿ.

ಮಳೆ ಬಿಟ್ಟ ಮೇಲೆ ಸಮುದಾಯ ಭವನದಲ್ಲಿ ಎಲ್ಲರಿಗೂ ತೋರಿಸುವ ಯೋಚನೆ ಬಂದರೆ ಹಕ್ಕಿನ ವಿಚಾರವನ್ನು ಗಮನಿಸಬೇಕು. ನಮ್ಮ ದೇಶದಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ, ಬಿಡುಗಡೆಯಾದ ವರ್ಷದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. ಹಾಗಾಗಿ 1964ರವರೆಗಿನ ಚಿತ್ರಗಳ ಅವಧಿ 2024ಕ್ಕೆ ಮುಗಿದಿದೆ. ಅವುಗಳಲ್ಲಿ ಎರಡನ್ನು ನಾನು ಹೇಳುತ್ತೇನೆ. ಒಂದು, 1958ರ ‘ಸ್ಕೂಲ್ ಮಾಸ್ಟರ್’. ಬಿ.ಆರ್. ಪಂತುಲು ಅವರೇ ನಿರ್ದೇಶಿಸಿ ಮುಖ್ಯ ಪಾತ್ರವನ್ನೂ ಮಾಡಿದ್ದಾರೆ, ಅವರ ಮಡದಿಯಾಗಿ ಎಂ.ವಿ. ರಾಜಮ್ಮ. ನಿವೃತ್ತ ಮೇಷ್ಟ್ರೊಬ್ಬರನ್ನು ಹೆತ್ತ ಮಕ್ಕಳು ಕಡೆಗಣಿಸುವಾಗ ಪಾಠ ಕಲಿತ ಹುಡುಗ ಕೈಹಿಡಿಯುವ ಕತೆ. ನಾವು ಶಾಲೆಯಲ್ಲಿ ಸಾಲಾಗಿ ನಿಂತು ಹಾಡುತ್ತಿದ್ದ ‘ಸ್ವಾಮಿ ದೇವನೆ’ ಪ್ರಾರ್ಥನೆಯೂ ಅದರಲ್ಲಿದೆ. ಇನ್ನೊಂದು, ಎನ್. ಲಕ್ಷ್ಮೀನಾರಾಯಣ್ ಅವರ 1964ರ ‘ನಾಂದಿ’. ಕಿವಿ ಕೇಳದ, ಮಾತು ಬಾರದ ಹೆಂಡತಿಯ ಪಾತ್ರವನ್ನು ಹರಿಣಿಯವರು ಮಾಡಿದ್ದಾರೆ. ಕಿವಿ ಮಂದವಾದ ನಿಮ್ಮ ಇಬ್ಬರು ಸ್ನೇಹಿತರು ಅದನ್ನು ನೋಡಿ ಏನು ಹೇಳುತ್ತಾರೆಂದು ತಿಳಿಯುವ ಆಸೆ ನನಗಿದೆ. ನನ್ನ ತಮ್ಮನೂ ಹುಟ್ಟುಕಿವುಡ, ಅವನಿಗೆ ಬಹಳ ಪ್ರಿಯವಾದ ಚಿತ್ರ ಅದು.

ಸುದ್ದಿಯ ಬಗ್ಗೆ ಒಂದು ಸೂಚನೆ: 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದ ದಿನಗಳಲ್ಲಿ ಎಲ್ಲಿಯದೋ ವಿಡಿಯೋಗಳನ್ನು ನಮ್ಮ ಊರಿನದೆಂದು ಹಂಚಿದ್ದರಿಂದ ನನ್ನ ಅತ್ತೆಯವರು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಅಂದಿನಿಂದ ನಮ್ಮಲ್ಲಿ ಮಳೆ, ರಸ್ತೆ, ಅಣೆಕಟ್ಟಿನ ಸುದ್ದಿಯನ್ನು ಮಡಿಕೇರಿ ಆಕಾಶವಾಣಿಯಲ್ಲಿ ಕೇಳಿದ್ದರೆ ಅಥವಾ ‘ಶಕ್ತಿ’ ಪತ್ರಿಕೆಯಲ್ಲಿ ಓದಿದ್ದರೆ ಮಾತ್ರ ಹಾಕುತ್ತೇವೆ. ತಮ್ಮ ಅಂಗಳದ ಮಳೆಯ ಲೆಕ್ಕಕ್ಕೆ ಈ ನಿಯಮವಿಲ್ಲ. ಹಾರಂಗಿಯ ಪೂರ್ಣ ಮಟ್ಟ 2859 ಅಡಿ ಎಂಬುದನ್ನೂ ಎಲ್ಲರಿಗೂ ತಿಳಿಸಿಡಿ. ಆ ಒಂದು ಅಂಕಿ ಗೊತ್ತಿದ್ದರೆ ಅರ್ಧ ಗಾಬರಿ ತಾನಾಗಿಯೇ ಕಡಿಮೆಯಾಗುತ್ತದೆ.

ಮರಳಿ: ಸುಂಟಿಕೊಪ್ಪದ ನಿವೃತ್ತ ಶಿಕ್ಷಕಿ

ಇಷ್ಟು ಮನಸ್ಸಿಟ್ಟು ಬರೆದ ನಿಮ್ಮೆಲ್ಲರಿಗೂ ನಾನು ಋಣಿ. ಮೂರು ವಾರಗಳ ನಂತರ ಉತ್ತರಿಸುತ್ತಿದ್ದೇನೆ, ಏಕೆಂದರೆ ಹೇಳುವುದಕ್ಕಿಂತ ಮೊದಲು ಮಾಡಿ ನೋಡಬೇಕೆನಿಸಿತು.

ವಿರಾಜಪೇಟೆಯ ಅಕ್ಕನವರ ಮಾತಿನಂತೆ ನಾವು ಮೂವರು ಸ್ನೇಹಿತೆಯ ಮನೆಗೆ ಹೋದೆವು. ಹಾಡು ಹಾಕಿದ್ದ ಹಿರಿಯರು, ಅಂದರೆ ನಮ್ಮ 81 ವರ್ಷದವರು, ಜೀಪಿನಲ್ಲಿ ಕೊಡೆ ಹಿಡಿದು ಕೂತು ಬಂದರು. ಒಳಗೆ ಬಂದವರೇ ಯಜಮಾನರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡರು, ಕ್ಷಮೆಯ ಮಾತನ್ನು ಆಡಲು ಹೋದಾಗ ಅವರ ಗಂಟಲು ಕಟ್ಟಿತು. ಸ್ನೇಹಿತೆ ಅವರಿಗೆ ಕಾಫಿ ತಂದುಕೊಟ್ಟು, ಆ ದಿನ ಹಾಕಿದ್ದ ಒಂಬತ್ತು ಹಾಡುಗಳಲ್ಲಿ ಒಂದು ತಮ್ಮ ಮದುವೆಯ ವರ್ಷದ್ದೆಂದೂ, ಯಜಮಾನರು ಆಸ್ಪತ್ರೆಯಿಂದ ಬಂದ ಮೇಲೆ ಇಬ್ಬರೂ ಅದನ್ನು ಕೇಳಿದೆವೆಂದೂ ಹೇಳಿದರು. ಮರುದಿನ ಬೆಳಿಗ್ಗೆ ಗುಂಪಿನಲ್ಲಿ ಅವರ ಅಂಗಳದ ಮಳೆಯ ಲೆಕ್ಕ ಬಂತು: 3 ಇಂಚು 15 ಸೆಂಟ್.

ಪೊನ್ನಂಪೇಟೆಯ ಅಣ್ಣನವರು ಹೇಳಿದಂತೆ ಆಸ್ಪತ್ರೆಯ ಸುದ್ದಿಗೆ ಕರೆಯನ್ನೇ ಮಾಡಬೇಕೆಂದು ತೀರ್ಮಾನಿಸಿದ್ದೇವೆ. ಆ ಹೊಣೆಯನ್ನು ನಾನು ತೆಗೆದುಕೊಂಡಿದ್ದೇನೆ. ಭಾನುವಾರದ ವಾರ್ತೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿಲ್ಲ, ಮುಕ್ಕಾಲು ಗಂಟೆ ಹಿಡಿಯುತ್ತಿದೆ. ಯಾರೂ ಅದನ್ನು ಕಡಿಮೆ ಮಾಡಿ ಎನ್ನುತ್ತಿಲ್ಲ.

ಮೊದಲ ಚಿತ್ರದ ಆಯ್ಕೆಯಲ್ಲಿ ಗ್ರಂಥಪಾಲಕರ ಕ್ಷಮೆ ಕೇಳುತ್ತೇನೆ. ಗುಂಪಿನಲ್ಲಿ ನಾಲ್ವರು ಶಿಕ್ಷಕರಾಗಿದ್ದವರು ಇರುವುದರಿಂದ ‘ಸ್ಕೂಲ್ ಮಾಸ್ಟರ್’ ಬಹುಮತ ಪಡೆಯಿತು. ಎರಡು ಭಾನುವಾರಗಳಲ್ಲಿ ನೋಡಿ ಮುಗಿಸಿದೆವು. ಪ್ರಾರ್ಥನೆಯ ಹಾಡು ಬಂದಾಗ ಫೋನಿನಲ್ಲಿ ಏಳು ಮನೆಗಳಿಂದಲೂ ದನಿ ಸೇರಿತು, ಒಬ್ಬೊಬ್ಬರ ಟಿವಿ ಒಂದೊಂದು ಕ್ಷಣ ಹಿಂದುಮುಂದಾಗಿ ಓಡುತ್ತಿದ್ದುದರಿಂದ ಯಾರ ಸಾಲೂ ಯಾರ ಸಾಲಿಗೂ ಕೂಡಲಿಲ್ಲ, ಆದರೂ ಕೊನೆಯವರೆಗೂ ಹಾಡಿದೆವು. ಚಿತ್ರದ ಬಳಿಕ ನಡೆದ ಮಾತಿನಲ್ಲಿ ಅಭಿಪ್ರಾಯಭೇದವೂ ಬಂತು. ಮಕ್ಕಳನ್ನು ಅಷ್ಟು ಕೆಟ್ಟವರನ್ನಾಗಿ ತೋರಿಸಬಾರದಿತ್ತು, ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು ಹಾಗಿಲ್ಲ ಎಂದು ಇಬ್ಬರು ವಾದಿಸಿದರು. ಮಗನ ಮನೆಯಲ್ಲಿ ಮೂರು ತಿಂಗಳು, ಮಗಳ ಮನೆಯಲ್ಲಿ ಮೂರು ತಿಂಗಳು ಎಂದು ಇರುವ ಒಬ್ಬರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಯಾರೂ ಕೆಟ್ಟವರಲ್ಲ, ಆದರೆ ನನ್ನ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿಟ್ಟು ಎಷ್ಟು ವರ್ಷವಾಯಿತೋ ಎಂದರು. ಮುಂದಿನ ಭಾನುವಾರದ ವಾರ್ತೆಯನ್ನು ಅವರಿಂದಲೇ ಆರಂಭಿಸಬೇಕೆಂದು ನಾವೆಲ್ಲರೂ ಒಪ್ಪಿದ್ದೇವೆ.

ಮುಂದಿನದು ‘ಹುಲಿಯ ಹಾಲಿನ ಮೇವು’. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟರಂದು ಎಲ್ಲರ ಮನೆಯಲ್ಲಿಯೂ ಮದ್ದು ಸೊಪ್ಪಿನ ಪಾಯಸ ಇರುವುದರಿಂದ, ಆ ವಾರದ ಭಾನುವಾರ ಅದೇ ಪಾಯಸದ ಬಟ್ಟಲನ್ನು ಹಿಡಿದುಕೊಂಡು ಕೂರುವುದೆಂದು ನಿಶ್ಚಯವಾಗಿದೆ. ‘ನಾಂದಿ’ಯನ್ನು ಅದರ ನಂತರಕ್ಕೆ ಇಟ್ಟುಕೊಂಡಿದ್ದೇವೆ, ಕುಶಾಲನಗರದ ಸರ್ ಕೇಳಿದ್ದಕ್ಕೆ ಆಗ ಬರೆಯುತ್ತೇನೆ. ಸ್ಪೀಕರ್ ಈಗಾಗಲೇ ಕುರ್ಚಿಯ ಪಕ್ಕದಲ್ಲಿದೆ.